ಮಹಿಳೆಯರ, ಬಾಲಕಿಯರ ಸಮೂಹ ಗಾಯನ ತಂಡ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಿಳಾ ಮಂಡಳಿಯ ಭಜನಾ ತಂಡ, ಹೈಸ್ಕೂಲಿನ ಪ್ರಾರ್ಥನೆ ತಂಡ, ಬಡಾವಣೆಯ ಸುಗಮ ಸಂಗೀತದ ಗುಂಪು, ಮುಂಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡ ಸಂಘದ ರಾಜ್ಯೋತ್ಸವದ ತಂಡ: ಹೆಸರು ಬೇರೆಯಾದರೂ ನಡೆಸುವವರ ಪ್ರಶ್ನೆಗಳು ಬಹುತೇಕ ಒಂದೇ. ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದೂ ಒಂದೇ ಕಡೆಯಿಂದ. ಹಾಡುವವರ ಶಾರೀರ ನೋಡಿ ಹಾಡನ್ನು ಹೊಂದಿಸುವ ಬದಲು, ಯೂಟ್ಯೂಬಿನಲ್ಲಿ ಕೇಳಿದ ಹಾಡಿಗೆ ಶಾರೀರವನ್ನು ಎಳೆಯುತ್ತೇವೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ, ಬರಲೇಬೇಕು.

ತಂಡಕ್ಕೆ ಎಷ್ಟು ಜನ ಬೇಕು?

ಎಲ್ಲರೂ ಒಂದೇ ಧಾಟಿ ಹಾಡುವುದಾದರೆ 8ರಿಂದ 12 ಜನ ಸಾಕು. ಆರಕ್ಕಿಂತ ಕಡಿಮೆಯಾದರೆ ಒಬ್ಬೊಬ್ಬರ ದನಿಯೂ ಬೇರೆಯಾಗಿ ಕೇಳುತ್ತದೆ, ಒಬ್ಬರು ಉಸಿರು ತೆಗೆದುಕೊಂಡರೆ ಸಾಲೇ ತುಂಡಾಗುತ್ತದೆ. ಎರಡು ಸಾಲಿನಲ್ಲಿ, ಅಂದರೆ ಒಂದು ಗುಂಪು ಮೇಲಿನ ಸ್ವರವನ್ನೂ ಇನ್ನೊಂದು ಅದೇ ಹೊತ್ತಿಗೆ ಕೆಳಗಿನ ಸ್ವರವನ್ನೂ ಹಿಡಿಯುವಂತೆ ಹಾಡಿಸಲು 12, ಮೂರು ಸಾಲಿಗೆ 18 ಜನರಾದರೂ ಇರಲಿ. ಎರಡು ಸಾಲು ಮಾಡುವಾಗ ಸರಿಯಾಗಿ ಅರ್ಧ ಅರ್ಧ ಹಂಚಬೇಡಿ. ಮೇಲಿನ ಸ್ವರ ತಾನಾಗಿಯೇ ಎದ್ದು ಕೇಳುತ್ತದೆ, ಕೆಳಗಿನದು ಮುಳುಗುತ್ತದೆ. 12 ಜನರಲ್ಲಿ ಮೇಲಕ್ಕೆ 5, ಕೆಳಕ್ಕೆ 7 ಎಂದಿಟ್ಟರೆ ತೂಕ ಸರಿಹೋಗುತ್ತದೆ. 30 ದಾಟಿದರೆ ಇನ್ನೊಬ್ಬ ಸಹಾಯಕಿ ಬೇಕೇ ಬೇಕು.

ಶ್ರುತಿ ಸೇರದವರನ್ನು ಸೇರಿಸಿಕೊಳ್ಳಬಹುದೇ?

ಸೇರಿಸಿಕೊಳ್ಳಿ. "ನನಗೆ ಹಾಡೋಕೆ ಬರಲ್ಲ" ಅನ್ನುವವರಲ್ಲಿ ಹೆಚ್ಚಿನವರಿಗೆ ಕಿವಿ ಚೆನ್ನಾಗಿಯೇ ಇರುತ್ತದೆ. ಮಾತಾಡುವ ದನಿಯಲ್ಲೇ ಹಾಡುವುದು ಅಭ್ಯಾಸವಾಗಿ, ಮೇಲಕ್ಕೆ ಹೋಗುವ ದಾರಿ ಗೊತ್ತಿರುವುದಿಲ್ಲ ಅಷ್ಟೆ. ನಿಮ್ಮ ಶ್ರುತಿಗೆ ಅವರನ್ನು ಕರೆಯುವ ಮೊದಲು ಅವರಿರುವ ಸ್ವರಕ್ಕೆ ನೀವು ಹೋಗಿ. ಅವರ ಜೊತೆ ಆ ಸ್ವರವನ್ನು ಒಂದು ಉಸಿರಿನಷ್ಟು ಹಿಡಿದು, ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಒಂದು ಕೀಲಿಯಷ್ಟು, ಮೇಲೇರಿಸಿ ಮತ್ತೆ ಹಿಡಿಯಿರಿ. ವಾರಕ್ಕೆ ಎರಡು ಸಲ ಹತ್ತು ನಿಮಿಷದಂತೆ ಎರಡು ತಿಂಗಳು ಮಾಡಿದರೆ ಬಹಳಷ್ಟು ಮಂದಿ ದಾರಿಗೆ ಬರುತ್ತಾರೆ. ಕೂರಿಸುವುದು ಸಾಲಿನ ಕೊನೆಯಲ್ಲಲ್ಲ, ಗಟ್ಟಿ ಶ್ರುತಿಯ ಇಬ್ಬರ ನಡುವೆ. ಮಕ್ಕಳಿಗಂತೂ "ನೀನು ಬಾಯಿ ಮಾತ್ರ ಆಡಿಸು" ಎಂದು ಎಂದಿಗೂ ಹೇಳಬಾರದು. ಆ ಒಂದು ಮಾತಿಗೆ ಜೀವನಪೂರ್ತಿ ಹಾಡು ಬಿಟ್ಟ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ.

ಯಾವ ಶ್ರುತಿಯಲ್ಲಿ ಹಾಡಿಸಬೇಕು?

ಕರ್ನಾಟಕ ಸಂಗೀತದಲ್ಲಿ ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆ ಶ್ರುತಿಯಲ್ಲಿ, ಹೆಂಗಸರು ಐದು, ಐದೂವರೆ ಮನೆಯಲ್ಲಿ ಹಾಡುತ್ತಾರೆ. ಹಾರ್ಮೋನಿಯಂ ಲೆಕ್ಕದಲ್ಲಿ ಐದು ಅಂದರೆ ಬಿಳಿ ಐದು, ಐದೂವರೆ ಅಂದರೆ ಕರಿ ನಾಲ್ಕು, ಆರೂವರೆ ಅಂದರೆ ಕರಿ ಐದು. ಆದರೆ ಇದು ವರ್ಷಗಟ್ಟಲೆ ಸಾಧನೆ ಮಾಡಿದವರ ಲೆಕ್ಕ. ನಿಮ್ಮ ತಂಡದ ಲೆಕ್ಕವನ್ನು ನೀವೇ ತೆಗೆಯಬೇಕು.

ಮೊದಲ ದಿನ ಒಬ್ಬೊಬ್ಬರಿಗೂ ಐದು ನಿಮಿಷ ಕೊಡಿ. ತಂಬೂರ ಆ್ಯಪನ್ನು ಐದು ಮನೆಗೆ ಇಟ್ಟು, ಷಡ್ಜದಿಂದ (ಸ) ಅಕಾರದಲ್ಲಿ ಒಂದೊಂದೇ ಸ್ವರ ಮೇಲಕ್ಕೆ ಹೋಗಿಸಿ. ಹೋಗುತ್ತಾ ಹೋಗುತ್ತಾ ಗದ್ದ ಮೇಲೇಳುತ್ತದೆ, ಹುಬ್ಬು ಗಂಟಾಗುತ್ತದೆ, ಕೊರಳಿನ ನರ ಕಾಣಿಸುತ್ತದೆ. ಅದಕ್ಕಿಂತ ಒಂದು ಸ್ವರ ಕೆಳಗಿನದು ಅವರ ಮೇಲಿನ ಮಿತಿ. ಕೆಳಕ್ಕೆ ಬರುವಾಗ ದನಿ ಕರಗಿ ಬರೀ ಗಾಳಿಯಾಗುವ ಜಾಗಕ್ಕಿಂತ ಒಂದು ಸ್ವರ ಮೇಲಿನದು ಕೆಳಗಿನ ಮಿತಿ. ಎರಡನ್ನೂ ಹೆಸರಿನ ಮುಂದೆ ಬರೆದಿಡಿ. ಆಮೇಲೆ ಹಾಡಿನ ಅತಿ ಕೆಳಗಿನ, ಅತಿ ಮೇಲಿನ ಸ್ವರ ಹುಡುಕಿ. ಎರಡೂ ತುದಿ ತಂಡದ ಮುಕ್ಕಾಲು ಪಾಲು ಜನರ ಮಿತಿಯೊಳಗೆ ಬೀಳುವ ಶ್ರುತಿಯೇ ಆ ಹಾಡಿನ ಶ್ರುತಿ. ಅತಿ ಚೆನ್ನಾಗಿ ಹಾಡುವವರೊಬ್ಬರ ಶ್ರುತಿಯನ್ನು ಎಲ್ಲರಿಗೂ ಹೊರಿಸುವುದೇ ಸಾಮಾನ್ಯವಾಗಿ ನಡೆಯುವ ತಪ್ಪು.

ಉದಾಹರಣೆಗೆ, ಮಂದ್ರ ನಿಷಾದದಿಂದ (ಕೆಳಗಿನ ಸ್ಥಾಯಿಯ ನಿ) ತಾರ ಗಾಂಧಾರದವರೆಗೆ (ಮೇಲಿನ ಸ್ಥಾಯಿಯ ಗ) ಹರಡಿರುವ ಭಾವಗೀತೆ ತೆಗೆದುಕೊಳ್ಳಿ. ಸಾಧನೆಯಿಲ್ಲದ ಗೃಹಿಣಿಯರ ತಂಡಕ್ಕೆ ಐದೂವರೆ ಸರಿಹೋಗುತ್ತದೆ. ಅದನ್ನೇ ಆರೂವರೆಗೆ ಏರಿಸಿದರೆ ತಾರ ಗಾಂಧಾರ ಕಿರುಚಾಟವಾಗುತ್ತದೆ. ಒಂಬತ್ತು ಹತ್ತು ವರ್ಷದ ಹುಡುಗಿಯರಿಗೆ ಇದು ತಿರುವುಮುರುವು: ಐದೂವರೆಯಲ್ಲಿ ಕೆಳಗಿನ ನಿಷಾದ ಕೇಳಿಸುವುದೇ ಇಲ್ಲ, ಆರೂವರೆ ಅಥವಾ ಏಳರಲ್ಲಿ ಹಾಡು ಅರಳುತ್ತದೆ. ಒಂದು ಕಾರ್ಯಕ್ರಮದ ಆರು ಹಾಡಿಗೆ ಮೂರು ಶ್ರುತಿ ಬೇಕಾದರೂ ಬದಲಾಯಿಸಿ. ಹಾರ್ಮೋನಿಯಂನವರಿಗೆ ಕರಿ ಮನೆಯ ಬೆರಳು ಕಷ್ಟ ಎಂಬ ಕಾರಣಕ್ಕೆ ಇಪ್ಪತ್ತು ಜನರ ಗಂಟಲು ಹಿಂಡುವುದು ನ್ಯಾಯವಲ್ಲ. ಮನೆಗಳನ್ನೇ ಸರಿಸಿ ಶ್ರುತಿ ಬದಲಾಯಿಸುವ ಸ್ಕೇಲ್ ಚೇಂಜರ್ ಪೆಟ್ಟಿಗೆ ಇರುವುದೇ ಅದಕ್ಕೆ. ತಬಲಾದವರಿಗೆ ಮಾತ್ರ ಶ್ರುತಿಗಳನ್ನು ಮೊದಲೇ ಹೇಳಿ, ಒಂದೇ ತಬಲಾವನ್ನು ಎಷ್ಟು ಬೇಕಾದರೂ ಏರಿಸಿ ಇಳಿಸಲು ಬರುವುದಿಲ್ಲ.

ನಮ್ಮ ಶಾಲೆಯ ಹುಡುಗಿಯರು ಗೊಗ್ಗರು ದನಿಯಲ್ಲಿ ಹಾಡುತ್ತಾರೆ, ಯಾಕೆ?

ಕಲಿಸುವವರು ಕೆಳಗಿನ ಶ್ರುತಿಯಲ್ಲಿ ಹೇಳಿಕೊಡುತ್ತಿರುತ್ತಾರೆ. ಮೇಷ್ಟ್ರು ಒಂದು ಮನೆಯಲ್ಲಿ ಹಾಡಿದರೆ ಮಕ್ಕಳು ಒಂದೋ ಒಂದು ಸ್ಥಾಯಿ ಮೇಲೆ ಹಾಡಬೇಕು, ಇಲ್ಲವೇ ನಡುವೆ ಎಲ್ಲೋ ಎದೆದನಿಯಲ್ಲಿ ಒತ್ತಬೇಕು. ಒತ್ತುವುದು ಸುಲಭ, ಜೋರಾಗಿಯೂ ಕೇಳುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ "ಇನ್ನೂ ಜೋರು" ಎಂದು ಹೇಳಿ ಹೇಳಿ ಅದೇ ರೂಢಿಯಾಗುತ್ತದೆ. ಹುಡುಗಿಯರಿಗೆ ಏಳು ಮನೆ ಶ್ರುತಿ ಕೊಟ್ಟು, "ಊ" ಎಂದು ತಾರ ಷಡ್ಜದಿಂದ ಮೆಲ್ಲಗೆ ಕೆಳಕ್ಕೆ ಜಾರಿಸುತ್ತಾ ಬರಲಿ. ಮೇಲಿನ ಹಗುರ ದನಿಯನ್ನು ಹಾಗೆಯೇ ಕೆಳಕ್ಕೆ ತರುವುದು ಈ ಸಾಧನೆಯ ಉದ್ದೇಶ. ಆ ಹಗುರ ದನಿಯನ್ನು ಕಳ್ಳಧ್ವನಿ ಎಂದು ಗದರುವ ಪದ್ಧತಿ ನಮ್ಮಲ್ಲಿದೆ. ಶಾಸ್ತ್ರೀಯ ಕಛೇರಿಗೆ ತಯಾರಾಗುವವರ ವಿಷಯ ಬೇರೆ, ಸಮೂಹ ಗಾನದ ಹುಡುಗಿಯರಿಗೆ ಅದೇ ಬಂಡವಾಳ.

11ರಿಂದ 14ರ ಹುಡುಗಿಯರ ದನಿ ಇದ್ದಕ್ಕಿದ್ದಂತೆ ಕೆಡುತ್ತದೆಯೇ?

ಕೆಡುವುದಿಲ್ಲ, ಬದಲಾಗುತ್ತದೆ. ದನಿ ಒಡೆಯುವುದು ಗಂಡುಮಕ್ಕಳಿಗೆ ಮಾತ್ರ ಎಂದುಕೊಂಡಿದ್ದೇವೆ. ಹುಡುಗಿಯರ ಧ್ವನಿತಂತುಗಳೂ ಈ ವಯಸ್ಸಿನಲ್ಲಿ ಉದ್ದವಾಗುತ್ತವೆ, ಆದರೆ ಹುಡುಗರಷ್ಟಲ್ಲ. ತಂತುಗಳ ಹಿಂಭಾಗ ಪೂರ್ತಿ ಕೂಡದೆ ಸಣ್ಣ ಸಂದು ಉಳಿಯುವುದರಿಂದ ದನಿಯಲ್ಲಿ ಗಾಳಿ ಸೇರುತ್ತದೆ. ನಿನ್ನೆ ಹಾಡಿದ ಪಂಚಮ ಇಂದು ಬಿರಿಯುತ್ತದೆ. ನಡುವಿನ ಎರಡು ಮೂರು ಸ್ವರ ಕೈಕೊಡುತ್ತವೆ. ಇದು ತಿಂಗಳುಗಟ್ಟಲೆ ಇರಬಹುದು, ಒಂದೆರಡು ವರ್ಷ ಹಿಡಿಯಲೂಬಹುದು. ಮುಟ್ಟು ಶುರುವಾಗುವ ಆಸುಪಾಸಿನಲ್ಲಿ ಹೆಚ್ಚು.

ಈ ಸಮಯದಲ್ಲಿ ಮಾಡಬಾರದ್ದು ಎರಡು. ಗಾಳಿ ಹೋಗಲೆಂದು ಒತ್ತಿ ಹಾಡಿಸಬಾರದು. "ನಿನ್ನದು ಇನ್ನು ಕೆಳದನಿ" ಎಂದು ಮುದ್ರೆ ಒತ್ತಿ ಕೆಳಗಿನ ಸಾಲಿಗೆ ಕಾಯಂ ಕೂರಿಸಲೂಬಾರದು. ತಾಳ ಗಟ್ಟಿಯಿದೆ, ಧಾಟಿ ತಪ್ಪಿಸುವುದಿಲ್ಲ ಎಂಬ ಕಾರಣಕ್ಕೆ ಜಾಣ ಹುಡುಗಿಯರನ್ನೆಲ್ಲ ಕೆಳಗಿನ ಸಾಲಿಗೆ ಹಾಕುವುದು ಸಾಮಾನ್ಯ. ಅವರ ಮೇಲಿನ ಸ್ವರಗಳು ಬೆಳೆಯದೇ ಉಳಿಯುತ್ತವೆ. ಹಾಡಿನಿಂದ ಹಾಡಿಗೆ ಸಾಲು ಬದಲಾಯಿಸಿ, ಮೂರು ತಿಂಗಳಿಗೊಮ್ಮೆ ಮಿತಿ ಮತ್ತೆ ಬರೆದುಕೊಳ್ಳಿ. ಹೀಗಾಗುವುದು ಸಹಜ ಎಂದು ಹುಡುಗಿಗೂ ತಾಯಿಗೂ ಬಾಯಿಬಿಟ್ಟು ಹೇಳಿ. ಈ ವಯಸ್ಸಿನಲ್ಲಿ ತಂಡ ಬಿಡುವವರಲ್ಲಿ ಅನೇಕರು ಬಿಡುವುದು ನಾಚಿಕೆಯಿಂದ.

ಒಂದು ಅಭ್ಯಾಸ ಹೇಗೆ ನಡೆಯಬೇಕು?

ವಾರಕ್ಕೆ ಒಂದೇ ದಿನ ಸೇರುವುದಾದರೆ 90 ನಿಮಿಷ, ಮಕ್ಕಳಿಗೆ 60. ಮೊದಲ 12 ನಿಮಿಷ ದನಿ ಬಿಡಿಸುವುದು: ಭುಜ ಮತ್ತು ಕತ್ತಿನ ಚಲನೆ, ಬಾಯಿ ಮುಚ್ಚಿ ಮಕಾರದಲ್ಲಿ ಗುನುಗುವುದು, ಊಕಾರದಲ್ಲಿ ಜಾರುವುದು, ಕೊನೆಗೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯ ಒಂದೆರಡನ್ನು ಬೇರೆ ಬೇರೆ ಶ್ರುತಿಯಲ್ಲಿ. ಹೊಸ ಹಾಡು ಇದಾದ ಕೂಡಲೇ ಬರಲಿ, ತಲೆ ಚುರುಕಾಗಿರುವುದು ಆಗಲೇ. ನಡುವೆ ಹತ್ತು ನಿಮಿಷ ನೀರು, ಮಾತು. ಮಾತಿಗೂ ಸಮಯ ಕೊಡದಿದ್ದರೆ ಹಾಡಿನ ಮಧ್ಯೆ ಮಾತು ಬರುತ್ತದೆ. ಗೊತ್ತಿರುವ ಹಾಡು ಕೊನೆಗೆ.

ಹೊಸ ಹಾಡಿನ ಸಾಹಿತ್ಯವನ್ನು ಮೊದಲು ಓದಿಸಿ, ಅರ್ಥ ಹೇಳಿ, ತಾಳ ಹಾಕುತ್ತಾ ಮಾತಿನಲ್ಲಿ ಹೇಳಿಸಿ. ಧಾಟಿ ಆಮೇಲೆ. ಹೊರದೇಶದಲ್ಲಿ ಬೆಳೆದು ಕನ್ನಡ ಓದಲು ಬಾರದ ಮಕ್ಕಳಿದ್ದರೆ ಈ ಓದನ್ನೇ ನಿಧಾನವಾಗಿ ಧ್ವನಿಮುದ್ರಿಸಿ ಕಳಿಸಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟರೆ ಳ, ಣ ಎರಡೂ ಹೋಗಿಬಿಡುತ್ತವೆ.

ನಡೆಸುವವರು ಎಲ್ಲ ಹೊತ್ತೂ ಜೊತೆಗೆ ಹಾಡಬೇಡಿ. ಹಾಡಿದರೆ ನಿಮಗೆ ತಂಡ ಕೇಳುವುದಿಲ್ಲ, ತಂಡ ನಿಮಗೆ ಆತುಕೊಳ್ಳುತ್ತದೆ. ಹಾರ್ಮೋನಿಯಂ ಕೂಡ ಹಾಗೆಯೇ. ಪ್ರತಿ ಹಾಡನ್ನೂ ಒಮ್ಮೆ ಬರೀ ತಂಬೂರ ಇಟ್ಟು ಹಾಡಿಸಿ, ಮುಚ್ಚಿಹೋಗಿದ್ದ ತಪ್ಪುಗಳೆಲ್ಲ ಹೊರಬೀಳುತ್ತವೆ.

ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ. ಪರಿಹಾರ?

ಇಳಿಯುವುದು ಎಲ್ಲಿ ಎಂದು ಮೊದಲು ಪತ್ತೆಮಾಡಿ. ಸಾಮಾನ್ಯವಾಗಿ ಮೂರು ಜಾಗ: ಅವರೋಹಣದಲ್ಲಿ ಪ್ರತಿ ಹೆಜ್ಜೆಯನ್ನೂ ಸ್ವಲ್ಪ ಹೆಚ್ಚೇ ಇಳಿಸುವುದು, ಒಂದೇ ಸ್ವರ ಐದಾರು ಅಕ್ಷರಕ್ಕೆ ಮುಂದುವರಿದಾಗ ಉಸಿರು ಸಡಿಲವಾಗುವುದು, ಅಂತರ ಗಾಂಧಾರವನ್ನು (ಮೋಹನದಂಥ ರಾಗಗಳಲ್ಲಿ ಬರುವ ಮೇಲಿನ ಗ) ತಗ್ಗಿಸಿ ಹಾಡುವುದು. ಆ ಸಾಲನ್ನು ಮಾತ್ರ ತೆಗೆದು, ಕೊನೆಯ ಸ್ವರದಲ್ಲಿ ನಿಲ್ಲಿಸಿ ತಂಬೂರದ ಜೊತೆ ಹೋಲಿಸಿ. ಹೊಟ್ಟೆ ತುಂಬ ಉಂಡು ಮಧ್ಯಾಹ್ನ ಮೂರಕ್ಕೆ ಬಂದ ತಂಡದ ಶ್ರುತಿ ಇಳಿಯುವುದು ಸಹಜ, ಎದ್ದು ನಿಂತು ಹಾಡಿಸಿ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಬೆನ್ನು ಬಾಗಿದರೂ ಹೀಗೆಯೇ. ಮಂಡಿನೋವಿನವರಿಗೆ ಬೆನ್ನು ನೆಟ್ಟಗಿರುವ ಕುರ್ಚಿ ಕೊಡಿ, ಅದರಲ್ಲಿ ಸಂಕೋಚ ಬೇಡ.

ನಮ್ಮ ರಾಗಗಳಲ್ಲಿ ಎರಡು ಸಾಲು ಹಾಡಿಸಬಹುದೇ? ರಾಗ ಕೆಡುವುದಿಲ್ಲವೇ?

ರಾಗ ನೋಡಿ ಮಾಡಿದರೆ ಕೆಡುವುದಿಲ್ಲ. ಮೋಹನ ಅತಿ ಸುಲಭ. ಸ ರಿ ಗ ಪ ದ, ಐದೇ ಸ್ವರ. ಮೇಲಿನವರು ಗ ಹಾಡಿದಾಗ ಕೆಳಗಿನವರು ಸ. ಪ ಹಾಡಿದಾಗ ರಿ. ದ ಹಾಡಿದಾಗ ಗ. ತಾರ ಸ ಹಾಡಿದಾಗ ಪ. ತಾರ ರಿ ಹಾಡಿದಾಗ ದ. ರಾಗದಲ್ಲಿರುವ ಸ್ವರಗಳಲ್ಲೇ ಎರಡು ಹೆಜ್ಜೆ ಕೆಳಗೆ ನಡೆದ ಹಾಗಾಯಿತು. ಅನ್ಯಸ್ವರ ಬರುವುದೇ ಇಲ್ಲ, ಎಲ್ಲ ಜೋಡಿಗಳೂ ಕಿವಿಗೆ ಹಿತ. ಕೀಬೋರ್ಡಿನವರು ಸಿನಿಮಾ ರೂಢಿಯಲ್ಲಿ ಷಡ್ಜ, ಮಧ್ಯಮ, ಪಂಚಮದ ಕಾರ್ಡ್ (ಮೂರು ಸ್ವರ ಒಟ್ಟಿಗೆ ಒತ್ತುವುದು) ಹಾಕಿದರೆ ಮಾತ್ರ ತೊಂದರೆ: ಮಧ್ಯಮದ ಕಾರ್ಡಿನಲ್ಲಿ ಮ, ಪಂಚಮದ ಕಾರ್ಡಿನಲ್ಲಿ ನಿ, ಎರಡೂ ಮೋಹನದಲ್ಲಿಲ್ಲ. ಮೊದಲೇ ಹೇಳಿಡಿ.

ಇನ್ನೊಂದು ತೊಡಕು ಮೇಲಿನವರು ಮಧ್ಯ ಷಡ್ಜಕ್ಕೆ ಇಳಿದಾಗ. ಲೆಕ್ಕದ ಪ್ರಕಾರ ಕೆಳಗಿನವರು ಮಂದ್ರ ಪಂಚಮ ಹಾಡಬೇಕು. ಐದೂವರೆ ಮನೆಯಲ್ಲಿ ಅದು ಬಹುತೇಕ ಹೆಂಗಸರಿಗೆ ಎಟುಕುವುದಿಲ್ಲ, ಮಕ್ಕಳಿಗಂತೂ ಇಲ್ಲವೇ ಇಲ್ಲ. ಅಲ್ಲಿ ಎರಡೂ ಸಾಲು ಷಡ್ಜದಲ್ಲೇ ಸೇರಲಿ. ಅಥವಾ ಹಾಡಿನ ಮೇಲಿನ ತುದಿ ಬಿಡುವು ಕೊಟ್ಟರೆ ಆರೂವರೆಗೆ ಏರಿಸಿ.

ಗಮಕ, ಅಂದರೆ ಸ್ವರವನ್ನು ತೂಗಿ ಬಳುಕಿಸುವುದು, ಮೇಲಿನ ಸಾಲಿಗೆ ಮಾತ್ರ. ಇಬ್ಬರೂ ಆಂದೋಲನ ಮಾಡಿದರೆ ಎರಡೂ ಕಲಸಿಹೋಗುತ್ತವೆ. ಕೆಳಗಿನದು ಸಪಾಟಾಗಿ ನಿಲ್ಲಲಿ. ಇದೇ ಕಾರಣಕ್ಕೆ ಗಮಕವೇ ಜೀವವಾಗಿರುವ ತೋಡಿ, ಭೈರವಿಗಳನ್ನು ಎರಡು ಸಾಲಿಗೆ ಎಳೆಯಬೇಡಿ. ಅವಕ್ಕೆ ತಂಬೂರ ಸಾಕು. ಇಷ್ಟೂ ಕಷ್ಟವೆನಿಸಿದರೆ, ಎರಡನೇ ಗುಂಪು ಅದೇ ಸಾಲನ್ನು ಒಂದು ಆವರ್ತನ (ತಾಳದ ಒಂದು ಪೂರ್ತಿ ಸುತ್ತು) ತಡವಾಗಿ ಶುರುಮಾಡಲಿ. ಹಳ್ಳಿಯ ಕೋಲಾಟದ ಪದಗಳ ಸರಳ ಧಾಟಿಗೆ ಇದು ಬಹಳ ಒಪ್ಪುತ್ತದೆ.

ಹೆಣ್ಣುಮಕ್ಕಳದ್ದೇ ತಂಡದಲ್ಲಿ ಅಡಿಪಾಯದ ದನಿ ಇರುವುದಿಲ್ಲ ಎಂಬುದು ನಿಜ. 18ನೇ ಶತಮಾನದ ವೆನಿಸ್‌ನಲ್ಲಿ ಪಿಯೆತಾ ಎಂಬ ಅನಾಥಾಲಯದ ಹುಡುಗಿಯರಿಗೆ ವಿವಾಲ್ಡಿ ಸಂಗೀತ ಬರೆದುಕೊಟ್ಟಾಗ ಕೆಳದನಿಯ ವಾದ್ಯಗಳು ಆ ಭಾರ ಹೊತ್ತವು. ನಮ್ಮಲ್ಲಿ ತಂಬೂರದ ಮಂದ್ರ ತಂತಿ ಆ ಕೆಲಸ ಮಾಡುತ್ತದೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ, ಸ್ವಲ್ಪ ದೊಡ್ಡ ಸ್ಪೀಕರಿಗೆ ಸೇರಿಸಿ.

ಒಬ್ಬರ ದನಿ ಮಾತ್ರ ಎದ್ದು ಕೇಳುತ್ತದೆ. ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ.

"ಸಣ್ಣಗೆ ಹಾಡಿ ಅಕ್ಕಾ" ಎಂದರೆ ಬೇಸರವೂ ಹೌದು, ಅವರ ಶ್ರುತಿ ಬೀಳುವುದೂ ಹೌದು. ಜಾಗ ಬದಲಾಯಿಸಿ: ಹಿಂದಿನ ಸಾಲಿನ ನಡುವೆ, ಮೈಕಿನಿಂದ ದೂರ. ಎದ್ದು ಕೇಳಲು ಕಾರಣ ಎಷ್ಟೋ ಸಲ ಜೋರಲ್ಲ, ಸ್ವರಾಕ್ಷರದ ಆಕಾರ. ಎಲ್ಲರೂ "ಆ" ಎಂದು ಬಾಯಿ ತೆರೆದರೆ ಒಬ್ಬರು "ಆ"ಯನ್ನು ಅಗಲಿಸಿ "ಏ" ಕಡೆಗೆ ಎಳೆಯುತ್ತಿರುತ್ತಾರೆ. ಎಲ್ಲರನ್ನೂ ವೃತ್ತವಾಗಿ, ಮುಖ ಒಳಗೆ ಮಾಡಿ ನಿಲ್ಲಿಸಿ "ಆ ಏ ಈ ಓ ಊ" ಒಂದೇ ಸ್ವರದಲ್ಲಿ ಹಾಡಿಸಿ. ಯಾರಿಗೂ ಹೆಸರು ಹಿಡಿದು ಹೇಳದೆಯೇ ಸರಿಹೋಗುತ್ತದೆ.

ಉಚ್ಚಾರ, ಉಸಿರು ಒಟ್ಟಿಗೆ ಬರುವುದು ಹೇಗೆ?

ಕನ್ನಡದ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುವುದರಿಂದ ಸಮೂಹ ಗಾನಕ್ಕೆ ಬಹಳ ಅನುಕೂಲ. ಕಷ್ಟ ಬರುವುದು ಒತ್ತಕ್ಷರದಲ್ಲಿ: "ಹಚ್ಚೇವು", "ಕನ್ನಡ" ಎನ್ನುವಾಗ ಒಬ್ಬೊಬ್ಬರು ಒಂದೊಂದು ಗಳಿಗೆಯಲ್ಲಿ ಬಿಟ್ಟರೆ ಟಪಟಪ ಸದ್ದಾಗುತ್ತದೆ. ಒತ್ತು ಯಾವ ಮಾತ್ರೆಗೆ ಬೀಳುತ್ತದೆಂದು ಗುರುತು ಹಾಕಿ. ಅ-ಹ, ಲ-ಳ, ಶ-ಸ ಮೊದಲ ದಿನವೇ ತಿದ್ದಿ, ಹಾಡಿನ ಜೊತೆ ಕೂತ ತಪ್ಪು ಆಮೇಲೆ ಏಳುವುದಿಲ್ಲ.

ಉಸಿರಿನ ಜಾಗಕ್ಕೆ ಹಾಳೆಯಲ್ಲಿ ಅಡ್ಡಗೆರೆ ಹಾಕಿ. ಪದದ ನಡುವೆ ಉಸಿರು ಬೇಡ. ಉದ್ದ ಸಾಲು ಎಳೆಯಬೇಕಾದರೆ ಪಕ್ಕಪಕ್ಕದ ಇಬ್ಬರು ಒಟ್ಟಿಗೆ ಉಸಿರೆಳೆಯಬಾರದು ಎಂಬ ನಿಯಮ ಮಾಡಿ.

ತಾಯಂದಿರು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಹಾಡಬಹುದೇ?

ಕಾರ್ಯಕ್ರಮದಲ್ಲಿ ಹಾಡಲಿ, ಅಭ್ಯಾಸ ಬೇರೆ ಬೇರೆ ಇರಲಿ. ದೊಡ್ಡವರ ಪಕ್ಕ ನಿಂತ ಮಗು ದೊಡ್ಡವರ ದಪ್ಪ ದನಿಯನ್ನು ಅನುಕರಿಸುತ್ತದೆ. ಸೇರಿ ಹಾಡುವಾಗ ಪಲ್ಲವಿ ಎಲ್ಲರಿಗೂ, ಒಂದು ಚರಣ ಮಕ್ಕಳಿಗೆ, ಒಂದು ಹಿರಿಯರಿಗೆ. ಸೋಬಾನೆ ಪದಗಳಲ್ಲಿ ಒಬ್ಬರು ಹೇಳಿ ಉಳಿದವರು ಸೊಲ್ಲು ಎತ್ತುವ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ.

ವೇದಿಕೆಯಲ್ಲಿ ಮೈಕ್ ಹೇಗಿಡಬೇಕು?

ಸಭಾಂಗಣದಲ್ಲಿ ಸಾಮಾನ್ಯವಾಗಿ ಸಿಗುವುದು ಡೈನಾಮಿಕ್ ಮೈಕ್. ಅದು ಬಾಯಿಗೆ ಹತ್ತಿರವಿದ್ದರೇ ಕೆಲಸ ಮಾಡುವುದು, ಆದ್ದರಿಂದ ಮೂರು ಜನಕ್ಕೊಂದು ಬೇಕು. ದೂರದ ದನಿಯನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಸಿಕ್ಕರೆ 16 ಜನಕ್ಕೆ ಎರಡು ಸಾಕು: ಮುಂದಿನ ಸಾಲಿನಿಂದ ಎರಡು ಮೂರು ಅಡಿ ಮುಂದೆ, ತಲೆಗಿಂತ ಎತ್ತರದಲ್ಲಿ, ಹಿಂದಿನ ಸಾಲಿನ ಕಡೆಗೆ ಮುಖ. ಎರಡು ಮೈಕುಗಳ ನಡುವಿನ ಅಂತರ, ಮೈಕಿಗೂ ಹಾಡುವವರಿಗೂ ಇರುವ ಅಂತರದ ಮೂರು ಪಟ್ಟು ಇರಬೇಕು. ಇಲ್ಲದಿದ್ದರೆ ಒಂದೇ ದನಿ ಎರಡು ಕಡೆಯಿಂದ ಬಂದು ಟೊಳ್ಳಾಗಿ ಕೇಳುತ್ತದೆ. ಕಂಡೆನ್ಸರಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮಿಕ್ಸರಿನಿಂದ ಮೈಕಿನ ಕೇಬಲ್‌ನಲ್ಲೇ ಬರುವ ವಿದ್ಯುತ್) ಬೇಕು, ಮಿಕ್ಸರಿನಲ್ಲಿ ಇದೆಯೇ ಎಂದು ಹಿಂದಿನ ದಿನವೇ ಕೇಳಿ. ಶ್ರುತಿ ಮಾನಿಟರ್ ಸ್ಪೀಕರಿನಲ್ಲಿ ಹಾಡುವವರಿಗೆ ಕೇಳಲೇಬೇಕು. ತಲೆಯ ಮೇಲಿನ ಫ್ಯಾನ್ ನಿಲ್ಲಿಸಿ.

ಸೀರೆಯ ಬಗ್ಗೆ ಏನಾದರೂ?

ಎಲ್ಲರಿಗೂ ಒಂದೇ ಬಣ್ಣದ ಸೀರೆ ಹುಡುಕುವುದರಲ್ಲಿ ತಿಂಗಳು ಕಳೆಯುತ್ತದೆ, ಒಳಲಂಗದ ಲಾಡಿಯನ್ನು ಯಾರೂ ನೋಡುವುದಿಲ್ಲ. ಜಾರದಿರಲೆಂದು ಬಿಗಿದು ಕಟ್ಟಿದ ಲಾಡಿ ಹೊಟ್ಟೆಯನ್ನು ಹಿಡಿದಿಡುತ್ತದೆ, ಹಳೆಯ ಅಳತೆಯ ರವಿಕೆ ಪಕ್ಕೆಲುಬನ್ನು ಹಿಡಿದಿಡುತ್ತದೆ, ಉಸಿರು ಭುಜಕ್ಕೆ ಏರಿ ಸಾಲಿನ ಕೊನೆ ಸಿಗುವುದಿಲ್ಲ. ಪೂರ್ತಿ ಉಸಿರೆಳೆದು ಹೊಟ್ಟೆ ಮುಂದೆ ಬಂದಾಗ ಲಾಡಿ ಕಟ್ಟಲಿ. ರವಿಕೆಯ ಒಳಹೊಲಿಗೆ ಅರ್ಧ ಇಂಚು ಬಿಚ್ಚಿಸಲಿ. ಕಾರ್ಯಕ್ರಮಕ್ಕೆ ಮೊದಲು ಅದೇ ಉಡುಪಿನಲ್ಲಿ ಒಮ್ಮೆ ಪೂರ್ತಿ ಹಾಡಿಸಿ.

ಸಮಾರಂಭಕ್ಕೆ ನಾಡಗೀತೆ ಹಾಡಲು ಕರೆಯುತ್ತಾರೆ. ನಿಯಮವೇನು?

ರಾಜ್ಯ ಸರ್ಕಾರದ 2022ರ ಆದೇಶದಂತೆ ಮೈಸೂರು ಅನಂತಸ್ವಾಮಿ ಅವರ ಧಾಟಿ, ಆಲಾಪವಿಲ್ಲದೆ, ಸಾಲುಗಳ ಪುನರಾವರ್ತನೆಯಿಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ. ರಾಷ್ಟ್ರಗೀತೆ 52 ಸೆಕೆಂಡ್. ಎರಡಕ್ಕೂ ಮೊಬೈಲಿನಲ್ಲಿ ಸಮಯ ಹಿಡಿದು ಅಭ್ಯಾಸ ಮಾಡಿ. ಸಭಿಕರೂ ಸೇರಿ ಹಾಡುವುದರಿಂದ ಶ್ರುತಿ ತೀರಾ ಮೇಲೆ ಬೇಡ.

ಮುಟ್ಟು, ಬಸುರು, ಮುಟ್ಟು ನಿಲ್ಲುವ ಕಾಲ: ದನಿಗೆ ತೊಂದರೆಯೇ?

ಮುಟ್ಟಿನ ಮುಂಚಿನ ಒಂದೆರಡು ದಿನ ಧ್ವನಿತಂತು ಸ್ವಲ್ಪ ಊದಿ ಕೆಲವರಿಗೆ ದನಿ ಭಾರವಾಗುತ್ತದೆ. ಆ ದಿನ ಮೇಲಿನ ಸ್ವರ ಬಿಡಲಿ. ಬಸುರಿಯರು ಹಾಡಬಹುದು, ಕೊನೆಯ ತಿಂಗಳುಗಳಲ್ಲಿ ಉಸಿರು ಚಿಕ್ಕದಾಗುವುದರಿಂದ ಕೂತು ಹಾಡಲಿ. ಮುಟ್ಟು ನಿಂತ ಮೇಲೆ ಮೇಲಿನ ಸ್ವರ ಕರಗಿ ಗಂಟಲು ಒಣಗುವುದು ಸಾಮಾನ್ಯ. ಅಂಥವರನ್ನು ಕೆಳಗಿನ ಸಾಲಿಗೆ ಕರೆದುಕೊಳ್ಳಿ, ಅಲ್ಲಿ ಅವರಂಥ ಆಸ್ತಿ ಇಲ್ಲ.

ಗಂಟಲು ಕೂತಾಗ ಪಿಸುಮಾತು ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ಕೆಮ್ಮಿ ಕೆಮ್ಮಿ ಗಂಟಲು ಸರಿಮಾಡುವ ಬದಲು ನೀರು ಗುಟುಕರಿಸಲಿ. ಕರ್ಕಶತೆ ಎರಡು ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಇಡೀ ದಿನ ತರಗತಿಯಲ್ಲಿ ಕೂಗುವ ಟೀಚರುಗಳಲ್ಲಿ ತಂತುವಿನ ಗಂಟು ಹೆಚ್ಚು.

ಬಾಲಕಿಯರ ಸುರಕ್ಷತೆಗೆ ಏನು ಮಾಡಬೇಕು?

18ರೊಳಗಿನವರ ಅಭ್ಯಾಸದಲ್ಲಿ ಇಬ್ಬರು ದೊಡ್ಡವರು ಇರಲಿ, ಒಬ್ಬರಾದರೂ ಹೆಂಗಸು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಹುಡುಗಿಗೆ ಪಾಠ ಬೇಡ. ವಾಟ್ಸ್ಆ್ಯಪ್ ಗುಂಪಿನಲ್ಲಿರುವುದು ಪೋಷಕರ ನಂಬರ್. ಫೋಟೊ, ವಿಡಿಯೊ ಹಾಕಲು ಪೋಷಕರ ಬರಹದ ಒಪ್ಪಿಗೆ. ಉಡುಪು ಬದಲಿಸಲು ಚಿಲಕವಿರುವ ಕೋಣೆ, ಶೌಚಾಲಯ, ಸ್ಯಾನಿಟರಿ ಪ್ಯಾಡ್: ಸಂಘಟಕರನ್ನು ಇವುಗಳ ಬಗ್ಗೆ ಮುಂಚೆಯೇ ಕೇಳಿ, ಇಲ್ಲವೆಂದರೆ ಕಾರ್ಯಕ್ರಮ ಒಪ್ಪಿಕೊಳ್ಳಬೇಡಿ. ಕೊನೆಯ ಹುಡುಗಿಯನ್ನು ಮನೆಯವರು ಕರೆದುಕೊಂಡು ಹೋಗುವವರೆಗೆ ಒಬ್ಬರು ಕಾಯಲೇಬೇಕು. ಕಿರುಕುಳದ ಮಾತು ಕಿವಿಗೆ ಬಿದ್ದರೆ ತಂಡದೊಳಗೆ ಮುಚ್ಚಿಹಾಕುವಂತಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಹಾಜರಾತಿ ಒಂದೇ ಸಮ ಇರುವುದೇ ಇಲ್ಲ.

ಶ್ರಾವಣದಿಂದ ದೀಪಾವಳಿವರೆಗೆ ಹಬ್ಬ, ಫೆಬ್ರವರಿ ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಮದುವೆಗಳು. ಇದನ್ನು ಮೊದಲೇ ಒಪ್ಪಿಕೊಂಡು ವರ್ಷ ಹೊಂದಿಸಿ: ಜೂನ್, ಜುಲೈಯಲ್ಲಿ ಹೊಸ ಹಾಡುಗಳು, ಹಬ್ಬದ ತಿಂಗಳುಗಳಲ್ಲಿ ಅವುಗಳ ಬಳಕೆ, ನವೆಂಬರಿಗೆ ರಾಜ್ಯೋತ್ಸವ. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಆರು ಹಾಡು ಸಾಕು. ಕೊನೆಯ ನಾಲ್ಕು ಅಭ್ಯಾಸಗಳಲ್ಲಿ ಮೂರಕ್ಕಾದರೂ ಬಾರದವರು ಆ ಕಾರ್ಯಕ್ರಮದಲ್ಲಿ ಹಾಡುವುದಿಲ್ಲ ಎಂಬ ನಿಯಮ ಅಧ್ಯಕ್ಷರ ಸೊಸೆಗೂ ಅನ್ವಯಿಸಬೇಕು.

ಕವಿಗಳ ಹಾಡು ಹಾಡಲು ಅನುಮತಿ ಬೇಕೇ?

ಭಾರತದಲ್ಲಿ ಕೃತಿಸ್ವಾಮ್ಯ ಕವಿ ತೀರಿಕೊಂಡ ನಂತರ 60 ವರ್ಷ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪದ್ಯಗಳು ಮುಕ್ತ. 1981ರಲ್ಲಿ ತೀರಿಕೊಂಡ ಬೇಂದ್ರೆಯವರದ್ದು 2041ರ ಕೊನೆವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರದ್ದು 2054ರ ಕೊನೆವರೆಗೂ ಇರುತ್ತದೆ. ಧಾಟಿಗೆ ಬೇರೆಯದೇ ಹಕ್ಕು. ಹವ್ಯಾಸಿ ತಂಡವೊಂದು ಟಿಕೆಟ್ ಇಲ್ಲದ ಸಭೆಯಲ್ಲಿ ಹಾಡುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ, ಧ್ವನಿಮುದ್ರಿಸಿ ಯೂಟ್ಯೂಬಿಗೆ ಹಾಕಿದರೆ ಅದು ಅನ್ವಯಿಸುವುದಿಲ್ಲ, ಹಕ್ಕುದಾರರಿಂದ ಪತ್ರ ಪಡೆಯಿರಿ. ಕವಿಯ ಹೆಸರನ್ನು ಮಾತ್ರ ಎಲ್ಲ ಸಂದರ್ಭದಲ್ಲೂ ಹೇಳಿ.

ಸಂಘ ನೋಂದಣಿ ಮಾಡಿಸಬೇಕೇ?

ಹಾಡುವುದಕ್ಕೆ ಬೇಡ. ಸರ್ಕಾರದ ಧನಸಹಾಯ, ಸಂಘದ ಹೆಸರಿನ ಬ್ಯಾಂಕ್ ಖಾತೆ ಬೇಕಿದ್ದರೆ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರು, ಬೈಲಾ ಇರಬೇಕು. ಆಮೇಲೆ ಪ್ರತಿ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ಲೆಕ್ಕ ಬರೆಯಲು ಒಬ್ಬರು ಸಿಗುವವರೆಗೆ ನೋಂದಣಿಗೆ ಅವಸರ ಬೇಡ.